ಕಾನೂನು ಪದವಿ: ಪಿಯುಸಿ ಮುಗಿಸಿ ಸೇರಬೇಕೆ, ಪದವಿ ಮುಗಿಸಿ ಸೇರಬೇಕೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾನೂನು ಓದಿನ ಕುರಿತ ಪ್ರಶ್ನೆಗಳೇ ಹೆಚ್ಚು. ಒಂದೇ ಸಂದೇಹವನ್ನು ಹಲವರು ಬೇರೆ ಬೇರೆ ಸನ್ನಿವೇಶಗಳಿಂದ ಕೇಳಿರುವುದರಿಂದ, ಬೆಂಗಳೂರು ಮತ್ತು ಸುತ್ತಮುತ್ತಲಿನ ಕೆಲವು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗಳು ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ವಕೀಲಳಾಗಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಐದು ವರ್ಷದ ಕೋರ್ಸಿಗೆ ಈಗಲೇ ಸೇರಿಸಿ ಎನ್ನುತ್ತಾಳೆ. ನನ್ನ ಅಣ್ಣನವರು, ಮೊದಲು ಬಿ.ಕಾಂ. ಮಾಡಲಿ, ಆಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಮಾಡಿದರೆ ಕೈಯಲ್ಲಿ ಎರಡು ಪದವಿ ಇರುತ್ತವೆ ಎನ್ನುತ್ತಾರೆ. ನಮ್ಮ ಯಜಮಾನರದು ಸಣ್ಣ ಅಂಗಡಿ. ಯಾರ ಮಾತು ಸರಿ?
— ಗೃಹಿಣಿ, ಕಾಮಾಕ್ಷಿಪಾಳ್ಯ

ಉತ್ತರ: ನಿಮ್ಮ ಮನೆಯ ಚರ್ಚೆಯಲ್ಲಿ ಒಂದು ಅಂಶವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. 1961ರ ವಕೀಲರ ಅಧಿನಿಯಮದಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಸನ್ನದು, ಅಂದರೆ ವಕೀಲಿ ಮಾಡಲು ಬೇಕಾದ ಪರವಾನಗಿ, ಕೊಡುವಾಗ, ಅರ್ಜಿದಾರರು ಐದು ವರ್ಷ ಓದಿ ಬಂದವರೋ ಮೂರು ವರ್ಷ ಓದಿ ಬಂದವರೋ ಎಂದು ಭೇದ ಮಾಡುವುದಿಲ್ಲ. ಇಬ್ಬರೂ ಅದೇ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಬರೆಯುತ್ತಾರೆ. ಇಬ್ಬರ ವಕಾಲತ್ತಿಗೂ ಒಂದೇ ಬೆಲೆ. ಎರಡು ಪದವಿ ಇರುತ್ತವೆ ಎಂಬ ವಾದವೂ ಅಷ್ಟು ಗಟ್ಟಿಯಲ್ಲ. ಐದು ವರ್ಷದ ಕೋರ್ಸ್ ಎಂದರೆ ಬಿ.ಎ. ಎಲ್‌ಎಲ್‌.ಬಿ., ಬಿ.ಬಿ.ಎ. ಎಲ್‌ಎಲ್‌.ಬಿ. ಮುಂತಾದ ಸಂಯುಕ್ತ ಪದವಿ. ಅದರಲ್ಲಿ ಮೂಲ ಪದವಿಯ ವಿಷಯಗಳೂ ಕಾನೂನಿನ ವಿಷಯಗಳೂ ಕೂಡಿಯೇ ಇರುತ್ತವೆ. ಕಾಲದ ಲೆಕ್ಕ ಹಿಡಿದರೆ ಒಂದು ದಾರಿ ಐದು ವರ್ಷ, ಇನ್ನೊಂದು ಮೂರು ಮತ್ತು ಮೂರು ಸೇರಿ ಆರು ವರ್ಷ. ಹೀಗಾಗಿ ವ್ಯತ್ಯಾಸವಿರುವುದು ಪದವಿಯ ತೂಕದಲ್ಲಲ್ಲ, ನಡುವಿನ ವರ್ಷಗಳನ್ನು ಹೇಗೆ ಕಳೆಯುತ್ತೇವೆ ಎಂಬುದರಲ್ಲಿ.

ಆದರೂ ನಿಮ್ಮ ಅಣ್ಣನವರ ಮಾತನ್ನು ತಳ್ಳಿಹಾಕಬೇಡಿ. ಅವರು ಕೊಟ್ಟ ಕಾರಣಕ್ಕಿಂತ ಬಲವಾದ ಇನ್ನೊಂದು ಕಾರಣ ಅವರ ಪರವಾಗಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ, ಐದು ವರ್ಷದ ಸಂಯುಕ್ತ ಕೋರ್ಸಿಗೆ ಸೇರಿದವರು ಮೂರು ವರ್ಷ ಮುಗಿಸಿ ಬರಿಯ ಬಿ.ಎ. ಪದವಿ ಪಡೆದು ಹೊರಬರಲು ಅವಕಾಶವಿಲ್ಲ. ಬೇರೆ ಪದವಿ ಓದಿದವರು ನಡುವಿನ ವರ್ಷಕ್ಕೆ ನೇರವಾಗಿ ಸೇರಿಕೊಳ್ಳಲೂ ಅವಕಾಶವಿಲ್ಲ. ಆರನೆಯ ಸೆಮಿಸ್ಟರಿನಲ್ಲಿ ಕಾನೂನು ನನಗೆ ಒಗ್ಗುತ್ತಿಲ್ಲ ಎಂದು ಮಗಳಿಗೆ ಅನಿಸಿದರೆ, ಮೂರು ವರ್ಷದ ಓದಿಗೆ ಪ್ರತಿಯಾಗಿ ಅವಳ ಕೈಯಲ್ಲಿ ಪಿಯುಸಿ ಅಂಕಪಟ್ಟಿಯಷ್ಟೇ ಉಳಿಯುತ್ತದೆ. ಬಿ.ಕಾಂ. ಓದಿದವಳಿಗೆ ಈ ಅಪಾಯವಿಲ್ಲ. ಇಪ್ಪತ್ತೊಂದನೆಯ ವಯಸ್ಸಿಗೆ ಅವಳು ಕೆಲಸಕ್ಕೆ ಹೋಗಬಹುದು, ಕೆ.ಎ.ಎಸ್. ಪರೀಕ್ಷೆಗೆ ಅರ್ಜಿ ಹಾಕಬಹುದು, ಕಾನೂನಿಗೂ ಬರಬಹುದು. ಆದ್ದರಿಂದ ನೀವು ಅಳೆದು ನೋಡಬೇಕಾದದ್ದು ಮಗಳ ನಿರ್ಧಾರದ ಗಟ್ಟಿತನವನ್ನು.

ಇದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ನಮ್ಮ ನ್ಯಾಯಾಲಯಗಳ ಕಲಾಪಗಳು, ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ, ಸಾರ್ವಜನಿಕರಿಗೆ ತೆರೆದಿರುತ್ತವೆ. ಮೇ ತಿಂಗಳಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ಬೇಸಿಗೆ ರಜೆ ಇರುವುದರಿಂದ ಅದಕ್ಕೆ ಮೊದಲು ಅಥವಾ ನಂತರ, ಮಗಳನ್ನು ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸಿ. ಒಂದು ವಾರ, ದಿನವೂ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದ ವಿರಾಮದವರೆಗೆ ಯಾವುದಾದರೊಂದು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ. ಸಿನಿಮಾದಲ್ಲಿ ಕಂಡ ವಾಗ್ವಾದ ಅಲ್ಲಿ ಕಾಣುವುದಿಲ್ಲ. ಬೆಂಚ್ ಕ್ಲರ್ಕ್ ಒಂದೊಂದೇ ಕೇಸಿನ ನಂಬರು ಕೂಗುತ್ತಾರೆ. ಸೀನಿಯರ್ ಬೇರೆ ಹಾಲಿನಲ್ಲಿ ವಾದಿಸುತ್ತಿದ್ದಾರೆಂದು ಜೂನಿಯರ್ ಒಬ್ಬರು ಎದ್ದು ನಿಂತು ಸ್ವಲ್ಪ ಹೊತ್ತಿನ ನಂತರ ಕರೆಯುವಂತೆ ವಿನಂತಿಸುತ್ತಾರೆ. ಒಬ್ಬರು ಕೈಫಿಯತ್ತು (ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಉತ್ತರ) ಸಲ್ಲಿಸಲು ವಾಯಿದೆ ಕೇಳುತ್ತಾರೆ, ಎದುರಿನವರು ಆಕ್ಷೇಪಿಸುತ್ತಾರೆ, ಮುಂದಿನ ದಿನಾಂಕ ಬೀಳುತ್ತದೆ, ಜೂನಿಯರ್ ಅದನ್ನು ಡೈರಿಯಲ್ಲಿ ಬರೆದುಕೊಂಡು ಕಡತ ಎತ್ತಿಕೊಂಡು ಇನ್ನೊಂದು ಹಾಲಿಗೆ ಓಡುತ್ತಾರೆ. ನಡುವೆ ಎಲ್ಲೋ ಒಂದು ಸಾಕ್ಷಿಯ ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆ, ನಡೆಯುತ್ತದೆ, ಆ ಅರ್ಧ ಗಂಟೆ ಇಡೀ ಹಾಲು ಕಿವಿಗೊಡುತ್ತದೆ. ಇಷ್ಟನ್ನೂ ನೋಡಿ ಬಂದು, ಆ ಓಡಾಡುವ ಜೂನಿಯರ್ ನಾನಾಗಬೇಕು ಎಂದು ಅವಳು ಹೇಳಿದರೆ ಐದು ವರ್ಷದ ಕೋರ್ಸಿಗೆ ಸೇರಿಸಲು ಹಿಂಜರಿಯಬೇಡಿ. ಬೇಸರವಾಯಿತು ಎಂದರೆ ಕೋಪಿಸಿಕೊಳ್ಳಬೇಡಿ, ಬಿ.ಕಾಂ. ಮಾಡಿಸಿ. ಮೂರು ವರ್ಷದ ನಂತರವೂ ಆಸೆ ಉಳಿದಿದ್ದರೆ ಆಗ ಸೇರಬಹುದು, ಕಳೆದುಕೊಳ್ಳುವುದು ಒಂದು ವರ್ಷ ಮಾತ್ರ.

ಎರಡನೆಯ ಅಳತೆ ಮನೆಯ ಆದಾಯದ್ದು. ಇದನ್ನು ಕಾಲೇಜಿನವರು ಹೇಳುವುದಿಲ್ಲ, ಆದ್ದರಿಂದ ನಾನು ಒತ್ತಿ ಹೇಳುತ್ತೇನೆ. ವಕೀಲಿ ವೃತ್ತಿಯಲ್ಲಿ ಪದವಿ ಮುಗಿದ ದಿನದಿಂದ ಸಂಪಾದನೆ ಆರಂಭವಾಗುವುದಿಲ್ಲ. ಸೀನಿಯರ್ ಕಚೇರಿಯಲ್ಲಿ ಮೊದಲ ಎರಡು ಮೂರು ವರ್ಷ ಸಿಗುವ ಹಣದಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ಓಡಾಟದ ಖರ್ಚು ಮತ್ತು ಊಟಕ್ಕೆ ಸಾಕಾದರೆ ಅದೇ ಹೆಚ್ಚು ಎನ್ನುವಂಥ ಕಚೇರಿಗಳು ಇಂದಿಗೂ ಇವೆ. ಐದು ವರ್ಷದ ಓದು, ಅದರ ಮೇಲೆ ಮೂರು ವರ್ಷದ ಜೂನಿಯರ್ ಕೆಲಸ, ಅಂದರೆ ಮಗಳಿಗೆ ಇಪ್ಪತ್ತಾರು ತುಂಬುವವರೆಗೆ ಮನೆಯವರು ಬೆನ್ನಿಗಿರಬೇಕು. ನಿಮ್ಮ ಅಂಗಡಿಯ ಆದಾಯ ಇದನ್ನು ತಡೆದುಕೊಳ್ಳುತ್ತದೆಯೇ ಎಂಬುದನ್ನು ಗಂಡ ಹೆಂಡತಿ ಕುಳಿತು, ಮಗಳನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ. ಅವಳ ಸಂಪಾದನೆ ಬೇಗ ಬೇಕಾಗುವ ಮನೆಯಾದರೆ ಬಿ.ಕಾಂ. ದಾರಿಯೇ ಕ್ಷೇಮ. ಕಂಪನಿಗಳ ಕಾನೂನು ವಿಭಾಗದಲ್ಲಿ ಅಥವಾ ದೊಡ್ಡ ಲಾ ಫರ್ಮುಗಳಲ್ಲಿ ಆರಂಭದಿಂದಲೇ ಒಳ್ಳೆಯ ಸಂಬಳವಿರುತ್ತದೆ ಎಂಬುದು ನಿಜ. ಆದರೆ ಆ ಕೆಲಸಗಳು ಬಹುಪಾಲು ಕೆಲವೇ ಕಾಲೇಜುಗಳಿಂದ ಹೊರಬಂದವರಿಗೆ ಸಿಗುತ್ತವೆ ಎಂಬುದೂ ಅಷ್ಟೇ ನಿಜ.

ಇನ್ನು ಕಾಲೇಜಿನ ವಿಚಾರ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ನಿಮ್ಮ ಮನೆಗೆ ದೂರವೇನಲ್ಲ. ಕರ್ನಾಟಕ ವಿಧಾನಮಂಡಲದ 1986ರ ಅಧಿನಿಯಮದಿಂದ ಸ್ಥಾಪನೆಯಾಗಿ, ಡಾ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಐದು ವರ್ಷದ ತರಗತಿಗಳನ್ನು ಆರಂಭಿಸಿದ ಈ ಸಂಸ್ಥೆಯೇ ದೇಶದ ಉಳಿದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಮಾದರಿಯಾಯಿತು. ಇಲ್ಲಿಗೆ ಪ್ರವೇಶ ಸಿಗುವುದು ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಕರ್ನಾಟಕದಲ್ಲಿ ಹತ್ತು ವರ್ಷ ಶಾಲೆ ಕಾಲೇಜು ಓದಿದವರಿಗೆ ಶೇಕಡಾ 25ರಷ್ಟು ಸೀಟುಗಳ ಮೀಸಲಾತಿ ಇದೆ ಎಂಬುದು ನಮ್ಮ ಮನೆಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನಿಮ್ಮ ಮಗಳು ಇಲ್ಲಿಯೇ ಓದಿದವಳಾದರೆ ಅದಕ್ಕೆ ಅರ್ಹಳು. ಕ್ಲಾಟ್ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಮುಂದಿನ ವರ್ಷದ ಪ್ರವೇಶಕ್ಕಾಗಿ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಉದ್ದನೆಯ ಗದ್ಯಭಾಗ ಓದಿ ಉತ್ತರಿಸುವ ಮಾದರಿಯವು. ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ವೇಗವಾಗಿ ಓದಿ ಗ್ರಹಿಸುವ ಅಭ್ಯಾಸ ಬೇಕು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇದು ಅಸಾಧ್ಯವಲ್ಲ, ಆದರೆ ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದುವ ರೂಢಿ ಇಲ್ಲದಿದ್ದರೆ ಬಹಳ ಕಷ್ಟ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಶುಲ್ಕವೂ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿದೆ; ಬ್ಯಾಂಕ್ ಸಾಲ ಸಿಗುತ್ತದೆ, ಸಾಲ ತೀರಿಸಲು ಮಗಳು ಕಂಪನಿ ಕೆಲಸವನ್ನೇ ಹಿಡಿಯಬೇಕಾಗಬಹುದು ಎಂಬುದನ್ನು ಈಗಲೇ ಯೋಚಿಸಿ.

ಈ ವರ್ಷದ ಕ್ಲಾಟ್ ಮುಗಿದುಹೋಗಿರುವುದರಿಂದ ಒಂದು ವರ್ಷ ಮನೆಯಲ್ಲಿ ಕುಳಿತು ತಯಾರಿ ನಡೆಸಲೇ ಎಂದು ಅವಳು ಕೇಳಬಹುದು. ಅಣಕು ಪರೀಕ್ಷೆಯೊಂದನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆಯಲಿ; ಅರ್ಧದಷ್ಟು ಅಂಕವೂ ಬಾರದಿದ್ದರೆ ಆ ಯೋಚನೆ ಬಿಡುವುದು ಲೇಸು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನಗರದಲ್ಲಿ ಹಲವಾರಿವೆ, ಅವಕ್ಕೆ ಕ್ಲಾಟ್ ಬೇಕಿಲ್ಲ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ, ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಅಂಕಗಳಿದ್ದರೆ ಅರ್ಹತೆ ಬರುತ್ತದೆ. ಕಾಲೇಜು ಆರಿಸುವ ಮುನ್ನ ಕೆಲಸದ ದಿನ ಹನ್ನೆರಡು ಗಂಟೆಯ ಹೊತ್ತಿಗೆ ಅಲ್ಲಿಗೆ ಹೋಗಿ, ಮೂರನೆಯ ಅಥವಾ ನಾಲ್ಕನೆಯ ವರ್ಷದ ತರಗತಿಯಲ್ಲಿ ಎಷ್ಟು ಮಂದಿ ಕುಳಿತಿದ್ದಾರೆ ನೋಡಿ. ಗ್ರಂಥಾಲಯದಲ್ಲಿ ಹೊಸ ಅಪರಾಧ ಸಂಹಿತೆಗಳ ಪುಸ್ತಕಗಳಿವೆಯೇ, ಅಣಕು ನ್ಯಾಯಾಲಯ ನಿಜವಾಗಿ ನಡೆಯುತ್ತದೆಯೇ, ಇಂಟರ್ನ್‌ಶಿಪ್‌ಗೆ ವಕೀಲರ ಕಚೇರಿಗಳಿಗೆ ಕಳುಹಿಸುತ್ತಾರೆಯೇ ಎಂದು ಕಚೇರಿಯವರನ್ನಲ್ಲ, ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ನಿಯಮದಂತೆ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಐದು ವರ್ಷದ ಕೋರ್ಸಿನ ನಿಜವಾದ ಲಾಭ ಇಲ್ಲಿದೆ ಎಂದು ನಾನು ನಂಬುತ್ತೇನೆ. ಪ್ರತಿ ರಜೆಯಲ್ಲಿ ಒಂದೊಂದು ಕಚೇರಿ, ಒಮ್ಮೆ ಸಿವಿಲ್, ಒಮ್ಮೆ ಕ್ರಿಮಿನಲ್, ಒಮ್ಮೆ ಕಾರ್ಮಿಕ ನ್ಯಾಯಾಲಯ ಎಂದು ಸುತ್ತಿಬಂದ ಹುಡುಗಿಗೆ ಸನ್ನದು ಸಿಗುವ ಹೊತ್ತಿಗೆ ಯಾವ ಸೀನಿಯರ್ ಬಳಿ ಹೋಗಬೇಕೆಂಬುದು ಗೊತ್ತಿರುತ್ತದೆ. ಈ ಅವಕಾಶವನ್ನು ಬಳಸಿಕೊಳ್ಳದೆ, ಪ್ರಮಾಣಪತ್ರವನ್ನು ಪರಿಚಯಸ್ಥರಿಂದ ಬರೆಸಿಕೊಂಡು ಒಪ್ಪಿಸುವವರಿಗೆ ಐದು ವರ್ಷವೂ ಒಂದೇ, ಮೂರು ವರ್ಷವೂ ಒಂದೇ.

ಪ್ರಶ್ನೆ: ಬಿ.ಕಾಂ. ಮುಗಿಸಿ ಆರು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವಯಸ್ಸು 27. ಕೆಲಸ ಬಿಡದೆ ಸಂಜೆ ಕಾಲೇಜಿನಲ್ಲಿ ಅಥವಾ ದೂರಶಿಕ್ಷಣದಲ್ಲಿ ಎಲ್‌ಎಲ್‌.ಬಿ. ಮಾಡಬಹುದೇ? ಪರೀಕ್ಷೆಗೆ ಮಾತ್ರ ಬಂದರೆ ಸಾಕು ಎಂದು ಒಬ್ಬರು ಹೇಳಿದ್ದಾರೆ.
— ಓದುಗರು, ಟಿ. ದಾಸರಹಳ್ಳಿ

ಉತ್ತರ: ದೂರಶಿಕ್ಷಣದ ಎಲ್‌ಎಲ್‌.ಬಿ.ಗೆ ವಕೀಲರ ಪರಿಷತ್ತಿನ ಮಾನ್ಯತೆ ಇಲ್ಲ. ಅದರಿಂದ ಸನ್ನದು ಸಿಗುವುದಿಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ವಕೀಲರು ಹಗಲು ಗುಮಾಸ್ತಿಕೆ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವರು ಎಂಬುದು ನಿಜ. ಆದರೆ ಇಂದಿನ ನಿಯಮಗಳಲ್ಲಿ ಕಾನೂನು ಪದವಿ ಪೂರ್ಣಕಾಲಿಕ ಕೋರ್ಸು: ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು, ವಾರಕ್ಕೆ 30 ಗಂಟೆಗಳ ಪಾಠವಿರಬೇಕು, ಪ್ರತಿ ವಿಷಯದಲ್ಲೂ ಶೇಕಡಾ 70 ಹಾಜರಾತಿ ಬೇಕು. 2024ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ವಕೀಲರ ಪರಿಷತ್ತು, ವಿದ್ಯಾರ್ಥಿಗಳು ಉದ್ಯೋಗದಲ್ಲಿದ್ದರೆ ಅದನ್ನು ಘೋಷಿಸಿ ಮಾಲೀಕರ ನಿರಾಕ್ಷೇಪಣಾ ಪತ್ರ ಕೊಡಬೇಕೆಂದೂ, ಕಾಲೇಜುಗಳು ಬೆರಳಚ್ಚಿನ ಹಾಜರಾತಿ ವ್ಯವಸ್ಥೆ ಇಡಬೇಕೆಂದೂ ಸೂಚಿಸಿತು.

ಪರೀಕ್ಷೆಗೆ ಮಾತ್ರ ಬನ್ನಿ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ಸೇರುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ತೊಡಕು ಬರುವುದು ಮೂರು ವರ್ಷ ಕಳೆದ ಮೇಲೆ, ಸನ್ನದಿಗೆ ಅರ್ಜಿ ಹಾಕುವ ಹೊತ್ತಿಗೆ. ಭವಿಷ್ಯನಿಧಿ ಖಾತೆಯಲ್ಲಿ ತಿಂಗಳು ತಿಂಗಳು ವಂತಿಗೆ ಜಮೆಯಾದದ್ದು ಒಂದು ಕಡೆ, ಅದೇ ಅವಧಿಯಲ್ಲಿ ಹಗಲಿನ ತರಗತಿಗಳಿಗೆ ಪೂರ್ತಿ ಹಾಜರಿದ್ದ ದಾಖಲೆ ಇನ್ನೊಂದು ಕಡೆ ಇದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ನೀವು, ಕಾಲೇಜಿನವರಲ್ಲ. ಸುಳ್ಳು ಪ್ರಮಾಣಪತ್ರದ ಮೇಲೆ ವಕೀಲಿ ವೃತ್ತಿಯನ್ನು ಆರಂಭಿಸುವುದು ಯಾರಿಗೂ ಬೇಡ.

ನೀವು ನಿಜವಾಗಿ ಏನಾಗಬೇಕೆಂದು ಮೊದಲು ಸ್ಪಷ್ಟಪಡಿಸಿಕೊಳ್ಳಿ. ವಕೀಲರ ಪರಿಷತ್ತಿನ ನಿಯಮದಂತೆ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ. ಆದ್ದರಿಂದ ಓದುವಾಗ ಕೆಲಸ ಉಳಿಸಿಕೊಂಡರೂ, ಸನ್ನದಿನ ಹೊತ್ತಿಗೆ ಒಂದನ್ನು ಬಿಡಲೇಬೇಕು. ಕಂಪನಿಯಲ್ಲಿಯೇ ಮೇಲೇರಲು ಕಾನೂನಿನ ತಿಳಿವಳಿಕೆ ಬೇಕು ಎನ್ನುವುದಾದರೆ, ಕಾರ್ಮಿಕ ಕಾನೂನು ಅಥವಾ ತೆರಿಗೆ ಕಾನೂನಿನ ಡಿಪ್ಲೊಮಾ ಸಾಕಾಗಬಹುದು. ಕರಿಕೋಟು ಹಾಕಲೇಬೇಕು ಎಂಬ ಹಂಬಲವಿದ್ದರೆ, ಮೂರು ವರ್ಷದ ಖರ್ಚಿಗೆ ಆಗುವಷ್ಟು ಹಣ ಕೂಡಿಟ್ಟು, ಕೆಲಸ ಬಿಟ್ಟು, ನಿಯತವಾಗಿ ಓದಿ. ವಾರಾಂತ್ಯದಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಂಡರೆ ಸ್ವಲ್ಪ ಆದಾಯವೂ ಬರುತ್ತದೆ. ನಿಮ್ಮ ಆರು ವರ್ಷದ ಅನುಭವ ವ್ಯರ್ಥವಾಗುವುದಿಲ್ಲ. ಬ್ಯಾಲೆನ್ಸ್ ಶೀಟು ಓದಬಲ್ಲ ವಕೀಲರು ಕಡಿಮೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೂ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠವೂ ಬೆಂಗಳೂರಿನಲ್ಲೇ ಇವೆ. ಚೆಕ್ ಅಮಾನ್ಯದ ಪ್ರಕರಣಗಳಂತೂ ಪ್ರತಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಇವೆ. ಪದವಿಯ ನಂತರದ ದಾರಿ ಹೆಚ್ಚು ಫಲ ಕೊಡುವುದು ನಿಮ್ಮಂಥವರಿಗೆ, ಅಂದರೆ ಒಂದು ಕೆಲಸದ ಒಳಹೊರಗನ್ನು ತಿಳಿದ ಮೇಲೆ ಕಾನೂನಿಗೆ ಬರುವವರಿಗೆ. ನಾಗರಭಾವಿಯ ಕಾನೂನು ಶಾಲೆಯೂ 2022ರಿಂದ ಪದವೀಧರರಿಗಾಗಿ ಮೂರು ವರ್ಷದ ಎಲ್‌ಎಲ್‌.ಬಿ. ಆನರ್ಸ್ ನಡೆಸುತ್ತಿದೆ, ಅದಕ್ಕೆ ಕ್ಲಾಟ್ ಅಲ್ಲ, ಆ ಸಂಸ್ಥೆಯದೇ ಪ್ರತ್ಯೇಕ ಪ್ರವೇಶ ಪರೀಕ್ಷೆ ಇದೆ, ಅದರಲ್ಲಿ ವಿವರಣಾತ್ಮಕ ಉತ್ತರಗಳನ್ನೂ ಬರೆಯಬೇಕು.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ್ದೇನೆ. ಕಾನೂನು ಓದುವ ಆಸೆ ಇದೆ, ಇಂಗ್ಲಿಷಿನ ಭಯವೂ ಇದೆ. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೇ? ಬರೆದರೆ ಮುಂದೆ ವೃತ್ತಿಯಲ್ಲಿ ಹಿಂದೆ ಬೀಳುತ್ತೇನೆಯೇ?
— ವಿದ್ಯಾರ್ಥಿನಿ, ನೆಲಮಂಗಲ

ಉತ್ತರ: ಬರೆಯಬಹುದು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲಿಯೇ, ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬೇಕು ಎಂಬ ಸೂಚನೆ ಇರುತ್ತದೆ. ಪ್ರತಿ ಘಟಕದಿಂದ ಒಂದು ಪ್ರಬಂಧ ಮಾದರಿಯ ಪ್ರಶ್ನೆ, ಅದರ ಜೊತೆಗೆ ಒಂದು ಟಿಪ್ಪಣಿ ಅಥವಾ ಸಮಸ್ಯೆ ಬಿಡಿಸಬೇಕು. ಆ ಸಮಸ್ಯೆಯ ಪ್ರಶ್ನೆಯನ್ನು ಬಿಡಬೇಡಿ ಎಂಬುದು ನನ್ನ ಸಲಹೆ. ಟಿಪ್ಪಣಿಯನ್ನು ಕಂಠಪಾಠ ಮಾಡಿ ಬರೆಯಬಹುದು, ಆದರೆ ಸಮಸ್ಯೆ ಬಿಡಿಸಿದವರಿಗೆ ಮಾತ್ರ ಕಕ್ಷಿದಾರ ಎದುರು ಕುಳಿತು ತನ್ನ ಕಥೆ ಹೇಳಿದಾಗ ಅದರೊಳಗಿನ ಕಾನೂನು ಕಾಣುತ್ತದೆ.

ವೃತ್ತಿಯಲ್ಲಿ ಹಿಂದೆ ಬೀಳುವ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ರಾಜ್ಯದ ಅಧೀನ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಮಾತನಾಡುವುದು ಕನ್ನಡದಲ್ಲಿ, ಸಾಕ್ಷ್ಯ ದಾಖಲಾಗುವುದು ಬಹುಮಟ್ಟಿಗೆ ಕನ್ನಡದಲ್ಲಿ. "ದಾವಾ ಆಸ್ತಿಯು ಪಿತ್ರಾರ್ಜಿತವೆಂದು ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಎಂಬಂಥ ವಾಕ್ಯಗಳು ಪಾಟೀಸವಾಲಿನ ಪುಟಗಳಲ್ಲಿ ಸಾಲು ಸಾಲಾಗಿ ಬರುತ್ತವೆ. ನೆಲಮಂಗಲದ ರೈತರೊಬ್ಬರು ಪಹಣಿ, ಹಳೆಯ ಕ್ರಯಪತ್ರ, ಪಾಲುಪಟ್ಟಿ ಹಿಡಿದುಕೊಂಡು ಬಂದಾಗ ಆ ಕಾಗದಗಳನ್ನು ಓದಿ ಒಂದು ಎಳೆ ತಪ್ಪಿಲ್ಲದೆ ವಂಶವೃಕ್ಷ ಬರೆದುಕೊಳ್ಳಬಲ್ಲ ಜೂನಿಯರ್ ಯಾವ ಕಚೇರಿಗೂ ಬೇಕಾದವರು. ದೊಡ್ಡ ಕಾಲೇಜಿನಿಂದ ಬಂದವರಲ್ಲಿ ಎಷ್ಟೋ ಮಂದಿಗೆ ಇದು ಬರುವುದಿಲ್ಲ. ಈ ಬಲವನ್ನು ನೀವು ಕಡಿಮೆಯೆಂದು ಎಣಿಸಬಾರದು.

ಹಾಗೆಂದು ಇಂಗ್ಲಿಷನ್ನು ಬಿಟ್ಟುಬಿಡುವಂತೆಯೂ ಇಲ್ಲ. ಉಚ್ಚ ನ್ಯಾಯಾಲಯದ ಕಲಾಪ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಕೆಳಗಿನ ನ್ಯಾಯಾಲಯದಲ್ಲಿ ವಾದಿಸುವಾಗಲೂ ಉಲ್ಲೇಖಿಸಬೇಕಾದ ತೀರ್ಪುಗಳು ಇಂಗ್ಲಿಷಿನಲ್ಲಿರುತ್ತವೆ. ನಿಮಗೆ ಮೂರು ವರ್ಷ, ಆರು ಸೆಮಿಸ್ಟರ್ ಕಾಲಾವಕಾಶವಿದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಿರಿ, ಓದನ್ನು ಎರಡೂ ಭಾಷೆಗಳಲ್ಲಿ ಮಾಡಿ. ಅಧಿನಿಯಮಗಳ ಕನ್ನಡ ಪಾಠಗಳನ್ನು ರಾಜ್ಯ ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಸರ್ವೋಚ್ಚ ನ್ಯಾಯಾಲಯದ ಅನೇಕ ತೀರ್ಪುಗಳ ಕನ್ನಡ ಅನುವಾದಗಳೂ ಉಚಿತವಾಗಿ ಸಿಗುತ್ತವೆ. ಒಂದು ಪ್ರಕರಣದ ಕನ್ನಡ ಅನುವಾದವನ್ನು ಮೊದಲು ಓದಿ ಸಂಗತಿಯನ್ನು ಮನಸ್ಸಿಗೆ ತಂದುಕೊಂಡು, ಆಮೇಲೆ ಅದೇ ತೀರ್ಪಿನ ಇಂಗ್ಲಿಷ್ ಮೂಲವನ್ನು ಓದಿದರೆ ಭಾಷೆ ಭಯ ಹುಟ್ಟಿಸುವುದಿಲ್ಲ. ವಾರಕ್ಕೆ ಒಂದು ತೀರ್ಪು ಸಾಕು.

ಪುಸ್ತಕದ ವಿಷಯದಲ್ಲಿ ಒಂದು ಎಚ್ಚರಿಕೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾನೂನು ಪುಸ್ತಕಗಳು ಅಗ್ಗವಾಗಿ ಸಿಗುತ್ತವೆ, ಬಡ ವಿದ್ಯಾರ್ಥಿಗಳಿಗೆ ಅದು ದೊಡ್ಡ ಆಸರೆ. ಆದರೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರರ ಜಾಗದಲ್ಲಿ ಹೊಸ ಕಾನೂನುಗಳು ಬಂದಿವೆ. ಕೊಲೆಗೆ ಹಳೆಯದರಲ್ಲಿ 302ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 103. ವಂಚನೆಗೆ 420ರ ಬದಲು 318. ಒಪ್ಪಂದ ಕಾನೂನಿನ ಹಳೆಯ ಪುಸ್ತಕ ನಡೆಯುತ್ತದೆ, ಅಪರಾಧ ಕಾನೂನಿನದು ಹೊಸದೇ ಬೇಕು. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳ ಪ್ರಕರಣಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ, ವೃತ್ತಿಗೆ ಬಂದ ಮೇಲೆ ಹಳೆಯದನ್ನೂ ತಿಳಿದಿರಬೇಕಾಗುತ್ತದೆ.

ಪದವಿ ಮುಗಿದ ನಂತರದ ಕಷ್ಟದ ವರ್ಷಗಳಿಗೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ಹಿರಿಯ ವಕೀಲರ ಬಳಿ ತರಬೇತಿ ಪಡೆಯುವ ಅವಧಿಯಲ್ಲಿ ಮಾಸಿಕ ಭತ್ಯೆ ಕೊಡುವ ಯೋಜನೆಗಳನ್ನು ನಡೆಸುತ್ತವೆ. ನೀವು ಆ ವರ್ಗಗಳಿಗೆ ಸೇರಿದವರಾದರೆ ಅರ್ಜಿಯ ಪ್ರಕಟಣೆಯನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನನ್ನ ಗುರಿ ಸಿವಿಲ್ ನ್ಯಾಯಾಧೀಶನಾಗುವುದು. ಐದು ವರ್ಷದ ಕೋರ್ಸ್ ಮುಗಿಸಿದ ಕೂಡಲೇ ಪರೀಕ್ಷೆ ಬರೆದು ನ್ಯಾಯಾಧೀಶನಾಗಬಹುದಲ್ಲವೇ? ಪದವಿ ಮಾಡಿ ಬರುವವರಿಗಿಂತ ಇದು ಬೇಗದ ದಾರಿ ಅಲ್ಲವೇ?
— ಪಿಯುಸಿ ವಿದ್ಯಾರ್ಥಿ, ಯಲಹಂಕ

ಉತ್ತರ: ಬೇಗದ ದಾರಿ ಹೌದು, ಆದರೆ ನೀವು ಅಂದುಕೊಂಡಷ್ಟಲ್ಲ. 2025ರ ಮೇ 20ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಿವಿಲ್ ನ್ಯಾಯಾಧೀಶರ ಕಿರಿಯ ಶ್ರೇಣಿಯ ನೇಮಕಕ್ಕೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವ ಇರಬೇಕೆಂಬ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಈ ಮೂರು ವರ್ಷಗಳನ್ನು, ಅಖಿಲ ಭಾರತ ವಕೀಲರ ಪರೀಕ್ಷೆಗೆ ಮೊದಲು ಕೊಡುವ ತಾತ್ಕಾಲಿಕ ಸನ್ನದು ಪಡೆದ ದಿನದಿಂದ ಎಣಿಸಲಾಗುತ್ತದೆ. ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರ ಪ್ರಮಾಣಪತ್ರವನ್ನು ನ್ಯಾಯಾಂಗ ಅಧಿಕಾರಿಯ ದೃಢೀಕರಣದೊಂದಿಗೆ ಒದಗಿಸಬೇಕಾಗುತ್ತದೆ. ನ್ಯಾಯಮೂರ್ತಿಗಳ ಬಳಿ ಕಾನೂನು ಸಹಾಯಕರಾಗಿ ದುಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪಿಯುಸಿ ನಂತರ ನಿಮ್ಮ ಲೆಕ್ಕ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ: ಐದು ವರ್ಷ ಓದು, ಮೂರು ವರ್ಷ ವೃತ್ತಿ, ಒಟ್ಟು ಎಂಟು. ಪದವಿ ಮಾಡಿ ಬರುವವರಿಗೆ ಒಂಬತ್ತು. ನೀವು ಅರ್ಜಿ ಹಾಕುವ ವರ್ಷದ ನೇಮಕಾತಿ ಅಧಿಸೂಚನೆಯನ್ನು ಪೂರ್ತಿ ಓದಿ ನಡೆದುಕೊಳ್ಳಿ.

ಗುರಿ ಇಷ್ಟು ಸ್ಪಷ್ಟವಾಗಿರುವ ನಿಮಗೆ ಐದು ವರ್ಷದ ಕೋರ್ಸನ್ನೇ ಹೇಳುತ್ತೇನೆ. ಆದರೆ ಆ ಮೂರು ವರ್ಷಗಳನ್ನು ಹೆಸರಿಗೆ ಮಾತ್ರ ಒಂದು ಕಚೇರಿಗೆ ಸೇರಿಕೊಂಡು ಕೋಚಿಂಗ್ ಕೇಂದ್ರದಲ್ಲಿ ಕಳೆಯಬೇಡಿ. ಜಪ್ತಿ ವಾರಂಟ್ ಜಾರಿಯಾದಾಗ ಒಂದು ಮನೆಯಲ್ಲಿ ಏನಾಗುತ್ತದೆ, ಜಾಮೀನು ಸಿಕ್ಕಿಯೂ ಶ್ಯೂರಿಟಿ ಸಿಗದೆ ಒಬ್ಬ ಕೂಲಿಕಾರ ಎಷ್ಟು ದಿನ ಪರಪ್ಪನ ಅಗ್ರಹಾರದಲ್ಲಿ ಉಳಿಯುತ್ತಾನೆ ಎಂಬುದನ್ನು ವಕೀಲನಾಗಿ ಹತ್ತಿರದಿಂದ ಕಂಡವರು ಪೀಠದಲ್ಲಿ ಕುಳಿತಾಗ ಕಡತವನ್ನು ಬೇರೆ ರೀತಿ ಓದುತ್ತಾರೆ. ಇನ್ನೊಂದು ವಿಷಯ: ನಮ್ಮ ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕಾನೂನಿನ ಪತ್ರಿಕೆಗಳ ಜೊತೆಗೆ ಅನುವಾದದ ಪತ್ರಿಕೆಯೂ ಇದೆ, ಸಾಕ್ಷ್ಯ, ತೀರ್ಪು, ದಸ್ತಾವೇಜುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ತರಬೇಕು. ಕನ್ನಡ ಬರೆಯುವ ರೂಢಿ ತಪ್ಪಿದ ನಗರದ ಹುಡುಗರು ಎಡವುವುದು ಇಲ್ಲಿಯೇ. ಮೊದಲ ವರ್ಷದಿಂದಲೇ ವಾರಕ್ಕೆ ಒಂದು ಪುಟ ಅನುವಾದ ಮಾಡಿ.

ಪ್ರಶ್ನೆ: ನನಗೆ 44 ವರ್ಷ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮುಗಿಸಿ ಮದುವೆಯಾದೆ. ಆಮೇಲೆ ಮುಕ್ತ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿದೆ. ಮೂರು ವರ್ಷದ ಎಲ್‌ಎಲ್‌.ಬಿ.ಗೆ ನನ್ನ ಪದವಿ ನಡೆಯುತ್ತದೆಯೇ? ವಯಸ್ಸು ಅಡ್ಡಿಯಾಗುತ್ತದೆಯೇ?
— ಓದುಗರು, ಬನಶಂಕರಿ

ಉತ್ತರ: ನಿಮ್ಮ ಪದವಿ ನಡೆಯುತ್ತದೆ. ನಿಯಮ ತಡೆಯುವುದು ಪಿಯುಸಿಯಂಥ ಮೂಲ ವಿದ್ಯಾರ್ಹತೆ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರನ್ನು. ಹಂತಹಂತವಾಗಿ ಓದಿ, ಪದವಿಯನ್ನು ಮಾತ್ರ ಅಂಚೆ ಮೂಲಕ ಪಡೆದವರನ್ನಲ್ಲ. ಪದವಿಯಲ್ಲಿ ಮೇಲೆ ಹೇಳಿದ ಕನಿಷ್ಠ ಅಂಕಗಳು ಇರಬೇಕು. ವಯಸ್ಸಿನ ವಿಚಾರದಲ್ಲಿ, ಮೂರು ವರ್ಷದ ಕೋರ್ಸಿಗೆ 30, ಐದು ವರ್ಷದ ಕೋರ್ಸಿಗೆ 20 ಎಂಬ ಮಿತಿಯನ್ನು ವಕೀಲರ ಪರಿಷತ್ತು 2008ರ ನಿಯಮಗಳಲ್ಲಿ ಹಾಕಿ, ನಂತರ ಹಿಂತೆಗೆದು, 2016ರಲ್ಲಿ ಮತ್ತೆ ತಂದಿತ್ತು. 2017ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆ ನಂತರ ನಿಮ್ಮ ವಯಸ್ಸಿನವರೂ ನಿಮಗಿಂತ ಹಿರಿಯರೂ ತರಗತಿಗಳಲ್ಲಿ ಕುಳಿತು ಓದುತ್ತಿದ್ದಾರೆ. ಸನ್ನದಿನ ಖರ್ಚಿಗೂ ಹೆದರಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ 2024ರ ಜುಲೈ 30ರ ತೀರ್ಪಿನ ನಂತರ ರಾಜ್ಯಗಳ ವಕೀಲರ ಪರಿಷತ್ತುಗಳು ನೋಂದಣಿ ಶುಲ್ಕವಾಗಿ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ.

ಪ್ರವೇಶಕ್ಕೆ ಹೋಗುವಾಗ ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿ.ಎ. ಮೂರರ ಮೂಲ ಅಂಕಪಟ್ಟಿಗಳನ್ನೂ ಜೊತೆಯಲ್ಲಿ ಒಯ್ಯಿರಿ. ಮದುವೆಯ ನಂತರ ನಿಮ್ಮ ಹೆಸರು ಅಥವಾ ಇನಿಷಿಯಲ್ ಬದಲಾಗಿದ್ದು, ಪಿಯುಸಿ ಅಂಕಪಟ್ಟಿಯಲ್ಲಿ ಒಂದು, ಪದವಿಯಲ್ಲಿ ಇನ್ನೊಂದು ಇದ್ದರೆ, ಅದನ್ನು ಅಫಿಡವಿಟ್ಟಿನ ಮೂಲಕ ಈಗಲೇ ಸರಿಪಡಿಸಿಕೊಳ್ಳಿ; ಮೂರು ವರ್ಷದ ನಂತರ ಅಂಬೇಡ್ಕರ್ ವೀಧಿಯ ವಕೀಲರ ಪರಿಷತ್ತಿನ ಕಚೇರಿಯಲ್ಲಿ ಅದೇ ಕಾಗದಗಳನ್ನು ಮತ್ತೆ ಒಂದೊಂದಾಗಿ ಪರಿಶೀಲಿಸುತ್ತಾರೆ.